ಒಲಿಸಬಾಂಗ್ ಎಲ್ಲಿ ಉಂಟು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರಿನ ಬದಲು ನನ್ನ ಫೋನಿನಲ್ಲಿ ಹೇಗೆ ಸೇವ್ ಮಾಡಿಕೊಂಡಿದ್ದೇನೋ ಹಾಗೇ ಬರೆದಿದ್ದೇನೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ದೊಡ್ಡಪ್ಪನ ಬೆರಳು ತಾಗಿ ಬಂದ ಖಾಲಿ ವಾಯ್ಸ್ ಮೆಸೇಜುಗಳನ್ನೂ ತೆಗೆದಿದ್ದೇನೆ. ನಾವು ಮಂಗಳೂರಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಮಿಷನ್) ಕಡೆಯ ಕ್ರೈಸ್ತರು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಒಂದಿಷ್ಟು ಹಣ ಒಟ್ಟು ಮಾಡಿ ಕಷ್ಟದಲ್ಲಿರುವವರಿಗೆ ಕೊಡುವುದು ರೂಢಿ. ಲೆಕ್ಕ ದೊಡ್ಡಪ್ಪನ ಹತ್ತಿರ. ಅವರು ಚರ್ಚಿನಲ್ಲೂ ಖಜಾಂಚಿಯಾಗಿದ್ದವರು.

ಉಡುಪಿ ಅತ್ತೆ: (ಬಹಳ ಸಲ ಫಾರ್ವರ್ಡ್ ಆದದ್ದು) ತುರ್ತು ಪ್ರಾರ್ಥನೆ! ಭಾರತದಲ್ಲಿ ಬೌದ್ಧ ಉಗ್ರರು ನಿನ್ನೆ ರಾತ್ರಿ 20 ಚರ್ಚ್ ಸುಟ್ಟಿದ್ದಾರೆ. ಇವತ್ತು ರಾತ್ರಿ ಒಲಿಸಬಾಂಗ್ ಪ್ರಾಂತ್ಯದಲ್ಲಿ 200 ಚರ್ಚ್ ನಾಶ ಮಾಡಲಿದ್ದಾರೆ. 24 ಗಂಟೆಯೊಳಗೆ 200 ಮಿಷನರಿಗಳನ್ನು ಕೊಲ್ಲಲಿದ್ದಾರೆ. ಎಲ್ಲ ಕ್ರೈಸ್ತರಿಗೂ ಕಳಿಸಿ. ಸಹಾಯ ಮಾಡುವವರು ಈ ನಂಬರಿಗೆ ಜಿಪೇ ಮಾಡಿ.

ದುಬೈ ಭಾವ: ಆಮೆನ್. ದೊಡ್ಡಮಾವ, ಈ ವರ್ಷದ ಹಣ ಪೂರ್ತಿ ಇದಕ್ಕೇ ಕಳಿಸಿ. ಇದಕ್ಕಿಂತ ದೊಡ್ಡ ಅಗತ್ಯ ಬೇರೆ ಯಾವುದುಂಟು?

ಪುಟ್ಟಿ: ಅತ್ತೆ, ಒಲಿಸಬಾಂಗ್ ಎಲ್ಲಿ ಉಂಟು?

ಉಡುಪಿ ಅತ್ತೆ: ಉತ್ತರದಲ್ಲಿ ಎಲ್ಲೋ ಇರಬೇಕು.

ಪುಟ್ಟಿ: ಎಲ್ಲೂ ಇಲ್ಲ. ಆ ಹೆಸರಿನ ರಾಜ್ಯವೂ ಇಲ್ಲ, ಜಿಲ್ಲೆಯೂ ಇಲ್ಲ. ಈ ಮೆಸೇಜ್ ಹತ್ತು ವರ್ಷಕ್ಕಿಂತ ಹಳೆಯದು. ಮೊದಲು ಎಸ್ಸೆಮ್ಮೆಸ್ಸಿನಲ್ಲಿ, ಇಮೇಲಿನಲ್ಲಿ ಓಡಾಡಿತ್ತು. ಈಗ ಜಿಪೇ ನಂಬರ್ ಒಂದು ಹೊಸತಾಗಿ ಸೇರಿದೆ. ಇದರ ಅಣ್ಣನಂಥದ್ದು ಇನ್ನೊಂದುಂಟು. ಅಫ್ಘಾನಿಸ್ತಾನದಲ್ಲಿ 22 ಮಿಷನರಿಗಳಿಗೆ ನಾಳೆ ಮರಣದಂಡನೆ ಅಂತ. 2007ರಲ್ಲಿ ತಾಲಿಬಾನ್‌ನವರು ದಕ್ಷಿಣ ಕೊರಿಯಾದ 23 ಚರ್ಚಿನವರನ್ನು ಹಿಡಿದಿಟ್ಟದ್ದು ನಿಜ. ಇಬ್ಬರನ್ನು ಕೊಂದರು, ಉಳಿದವರನ್ನು ಬಿಟ್ಟರು. ಅದು ಅಲ್ಲಿಗೆ ಮುಗಿಯಿತು. ಆದರೆ ಫಾರ್ವರ್ಡಿನಲ್ಲಿ ಮಾತ್ರ ‘ನಾಳೆ’ ಮುಗಿಯುವುದೇ ಇಲ್ಲ.

ಉಡುಪಿ ಅತ್ತೆ: ಸುಳ್ಳೇ ಆಗಿರಲಿ. ಪ್ರಾರ್ಥನೆ ಮಾಡಿದರೆ ಯಾರ ಗಂಟು ಹೋಗುತ್ತದೆ? ಪ್ರೀತಿ ಎಲ್ಲವನ್ನೂ ನಂಬುತ್ತದೆ ಅಂತ ಬೈಬಲಿನಲ್ಲಿ ಪೌಲನೇ ಬರೆದಿದ್ದಾನೆ. 1 ಕೊರಿಂಥ 13.

ನಾನು: ಅತ್ತೆ, ಅದು ಏಳನೇ ವಚನ. ಆರನೆಯದನ್ನೂ ಓದಿ. ಪ್ರೀತಿ ಸತ್ಯದ ಜೊತೆ ಸಂತೋಷಪಡುತ್ತದೆ ಅಂತ ಅದಕ್ಕೆ ಮುಂಚೆಯೇ ಉಂಟು.

ಉಡುಪಿ ಅತ್ತೆ: ನೀನೊಬ್ಬ ಸಂಶಯದ ತೋಮ, ಯೇಸು ಎದ್ದು ಬಂದದ್ದನ್ನು ನೋಡದೆ ನಂಬಲ್ಲ ಅಂದ ಶಿಷ್ಯನ ಹಾಗೆ. ನೋಡದೆ ನಂಬಿದವರು ಧನ್ಯರು.

ನಾನು: ತೋಮನನ್ನು ಯೇಸು ಗುಂಪಿನಿಂದ ರಿಮೂವ್ ಮಾಡಲಿಲ್ಲವಲ್ಲ ಅತ್ತೆ. ಬಂದು ಗಾಯ ತೋರಿಸಿದರು. ನೋಡದೆ ನಂಬು ಅಂದದ್ದು ಪುನರುತ್ಥಾನವನ್ನು. ಯಾರೋ ಕಳಿಸಿದ ಜಿಪೇ ನಂಬರನ್ನಲ್ಲ.

(ಇಲ್ಲಿ ಭಾವ ಎರಡು ನಗುವ ಎಮೋಜಿ ಹಾಕಿ, ಅತ್ತೆ ನೋಡುವ ಮೊದಲೇ ತೆಗೆದರು. ನಾನು ನೋಡಿದ್ದೆ.)

ಕುಶಾಲನಗರ ಚಿಕ್ಕಮ್ಮ: ಅತ್ತಿಗೆ, ನನಗೆ ಬೇಜಾರಾದದ್ದು ಊರಿನ ಹೆಸರಿನಿಂದಲ್ಲ. ‘ಬೌದ್ಧ ಉಗ್ರರು’ ಅಂತ ಬರೆದದ್ದರಿಂದ. ನಮಗೆ ಬೈಲಕುಪ್ಪೆ ಎಷ್ಟು ದೂರ ಅಂತ ನಿಮಗೆ ಗೊತ್ತು. 1961ರಿಂದ ಟಿಬೆಟಿನವರು ಅಲ್ಲಿದ್ದಾರೆ. ಮೆಕ್ಕೆಜೋಳ ಬೆಳೆಯುತ್ತಾರೆ, ಚಳಿಗಾಲಕ್ಕೆ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ನಮ್ಮ ಅಂಗಡಿಗೆ ಬರುವ ಒಬ್ಬ ಅಜ್ಜಿ ಉದ್ದ ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಜಪಮಣಿ ಹಿಡಿದೇ ಸಕ್ಕರೆ ತೂಗಿಸುತ್ತಾರೆ. ನಮ್ಮ ಯಜಮಾನರಿಗೆ ಆಪರೇಷನ್ ಆದಾಗ ಆ ಅಜ್ಜಿ ಬಿಲ್ಲಿನ ಮೇಲೆ ಒಂದು ಸೇಬು ಇಟ್ಟು ಹೋಗಿದ್ದರು. ನಿಮ್ಮ ಮೆಸೇಜ್ ಓದಿದ ನಮ್ಮ ಮಗ, ‘ಅಮ್ಮಾ ಆ ಅಜ್ಜಿಯವರು ಚರ್ಚ್ ಸುಡ್ತಾರಾ?’ ಅಂತ ಕೇಳಿದ. ಏನು ಹೇಳಲಿ?

ಉಡುಪಿ ಅತ್ತೆ: ನಾನು ಅವರ ಬಗ್ಗೆ ಹೇಳಲಿಲ್ಲ.

ನಾನು: ಹೇಳಿದ್ದೀರಿ ಅತ್ತೆ. 2011ರ ಜನಗಣತಿಯಲ್ಲಿ ದೇಶದ ಬೌದ್ಧರು ನೂರಕ್ಕೆ ಒಬ್ಬರೂ ಇಲ್ಲ. ನಮಗಿಂತ ಸಣ್ಣ ಗುಂಪು. ಅವರ ಹೆಸರು ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ವಿಮೋಚನಕಾಂಡ 23ರ ಮೊದಲನೇ ವಚನ ಸುಳ್ಳುಸುದ್ದಿ ಹಬ್ಬಿಸಬೇಡ ಅಂತಲೇ ಶುರುವಾಗುತ್ತದೆ. ಸುದ್ದಿ ಹುಟ್ಟಿಸಿದವನಿಗೆ ಮಾತ್ರ ಆ ಮಾತು ಅಂತ ಅಲ್ಲಿ ಇಲ್ಲ.

ಉಡುಪಿ ಅತ್ತೆ: ಸರಿ. ಈಗ ನಾನು ಒಂದು ಕೇಳುತ್ತೇನೆ, ಉತ್ತರ ಕೊಡಿ. 2008ರ ಸೆಪ್ಟೆಂಬರ್ 14. ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಹತ್ತಿರದ ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠಕ್ಕೆ ನುಗ್ಗಿ ಒಡೆದರು. ಅದಕ್ಕೆ ಮೊದಲು ಆಗಸ್ಟಿನಿಂದ ಒಡಿಶಾದ ಕಂಧಮಾಲದಲ್ಲಿ ಸಾವಿರಾರು ಕ್ರೈಸ್ತರು ಮನೆ ಬಿಟ್ಟು ಕಾಡಿಗೆ ಓಡಿದ್ದರು. ಆವಾಗಲೂ ಎಷ್ಟು ಜನ ‘ಇದೆಲ್ಲ ಸುಳ್ಳು, ನೀವು ದೊಡ್ಡದು ಮಾಡುತ್ತೀರಿ’ ಅಂದರು! ನೀವೆಲ್ಲ ಹೀಗೆ ಮ್ಯಾಪ್ ತೆಗೆದು ಕುಳಿತಿದ್ದರೆ ನಮಗಾಗಿ ಪ್ರಾರ್ಥಿಸುವವರು ಯಾರಿರುತ್ತಿದ್ದರು?

(ಇದಕ್ಕೆ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ನನಗೆ ಅತ್ತೆಯ ಮಾತು ಸುಮ್ನೆ ತಳ್ಳಿಹಾಕುವಂಥದ್ದು ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಏಟು ತಿಂದವರ ಮಾತನ್ನು ಮೊದಲು ನಂಬುವುದು ನಮ್ಮ ಮನೆಯ ಅಭ್ಯಾಸ. ಶಿಲುಬೆಯನ್ನು ಗೋಡೆಗೆ ಹಾಕಿಕೊಂಡ ಮನೆಗೆ ಅದು ಸಹಜ. ಅದೇ ಅಭ್ಯಾಸ ಗೊತ್ತಿದ್ದವರು ನಮಗೆ ಸುಲಭವಾಗಿ ಟೋಪಿ ಹಾಕುತ್ತಾರೆ.)

ದೊಡ್ಡಪ್ಪ: ತಂಗಿ, ಆ ಭಾನುವಾರ ನಾನು ಊರಲ್ಲೇ ಇದ್ದೆ. ನಮ್ಮನ್ನು ಸುಳ್ಳರು ಅಂದವರ ಬಾಯಿ ಮುಚ್ಚಿಸಿದ್ದು ಯಾವುದು ಗೊತ್ತುಂಟಾ? ವಿವರ. ಯಾವ ಊರು, ಯಾವ ಚರ್ಚು, ಎಷ್ಟು ಗಂಟೆಗೆ, ಏನೇನು ಒಡೆಯಿತು, ಎಲ್ಲ ಬರೆದಿಟ್ಟಿದ್ದರು. ವಿಚಾರಣೆಗೆ ಆಯೋಗ ಕೂತಾಗ ಜನ ಹೋಗಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ಆಯೋಗದ ವರದಿ ನಮಗೆ ಸಮಾಧಾನ ತರಲಿಲ್ಲ, ಆ ಮಾತು ಬೇರೆ. ಆದರೆ ನಮ್ಮ ಕೈಯಲ್ಲಿ ಇದ್ದದ್ದು ಅದೊಂದೇ. ಒಲಿಸಬಾಂಗ್ ಅಂತ ಇನ್ನೊಂದು ಸುಳ್ಳು ಸೇರಿಸಿದರೆ, ನಾಳೆ ಕಂಧಮಾಲವನ್ನೂ ಅದೇ ಚೀಲಕ್ಕೆ ಹಾಕಿ ಬಿಸಾಡುತ್ತಾರೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೀರ್ಪು ಬೇಡ ಅಂತ ಮೋಶೆಯ ನಿಯಮ. ಅದು ನಂಬಿಕೆ ಕಡಿಮೆ ಇದ್ದವರಿಗೆ ಬರೆದದ್ದಲ್ಲ.

ದುಬೈ ಭಾವ: ಆಯ್ತು, ಇದು ಬೇಡ. ಹಾಗಾದರೆ ಹಣ ಯಾರಿಗೆ?

ದೊಡ್ಡಪ್ಪ: ನಮ್ಮ ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಅಮ್ಮ ಇದ್ದಾರೆ. ಗಂಡ ಇಲ್ಲ. ಬಚ್ಚಲಲ್ಲಿ ಜಾರಿ ಬಲಗೈ ಮುರಿದಿದೆ. ಎಲೆ ಕತ್ತರಿಸುವ ಕತ್ತರಿ ಹಿಡಿಯಲಿಕ್ಕೆ ಆಗುವುದಿಲ್ಲ. ಎಡಗೈಯಲ್ಲಿ ಸುತ್ತಿ ನೋಡಿದರಂತೆ, ನೂಲು ನಿಲ್ಲುವುದಿಲ್ಲ, ಬೀಡಿ ಕಂಪನಿಯ ಬ್ರಾಂಚಿನವನು ಅಂಥ ಬೀಡಿ ತೆಗೆದುಕೊಳ್ಳುವುದಿಲ್ಲ. ಮೊರದಲ್ಲಿ ತಂಬಾಕು ಹಾಗೇ ಒಣಗಿಕೊಂಡು ಉಂಟು. ಕಟ್ಟಿದರೆ ದುಡ್ಡು, ಕಟ್ಟದಿದ್ದರೆ ಇಲ್ಲ.

ದುಬೈ ಭಾವ: ಅವರು ನಮ್ಮ ಸಭೆಯವರಾ?

ದೊಡ್ಡಪ್ಪ: ಅಲ್ಲ.

ದುಬೈ ಭಾವ: ಮಾವ, ತಪ್ಪು ತಿಳಿಯಬೇಡಿ. ಗಲಾತ್ಯ 6:10. ವಿಶೇಷವಾಗಿ ನಂಬಿಕೆಯ ಮನೆಯವರಿಗೆ ಅಂತ ಸ್ಪಷ್ಟವಾಗಿ ಉಂಟು. ಅವರ ಕಡೆಯವರು ಅವರನ್ನು ನೋಡಿಕೊಳ್ಳಲಿ. ಮತ್ತೆ ಒಂದು ಮಾತು. ಈ ಫಂಡಿಗೆ ಜಾಸ್ತಿ ಹಾಕುವುದು ನಾನು. ನನಗೂ ಒಂದು ಮಾತಿರಬೇಕು ಅಲ್ವಾ?

ಪುಟ್ಟಿ: ಯಾಕೋಬ 2, ಸಭೆಯಲ್ಲಿ ಹಣವಂತನಿಗೆ ಪಕ್ಷಪಾತ ಬೇಡ ಅನ್ನುವ ಅಧ್ಯಾಯ. ಚಿನ್ನದ ಉಂಗುರದವನು ಒಳಗೆ ಬಂದ, ಮುಂದಿನ ಕುರ್ಚಿ ಬಿಡಿ.

ದುಬೈ ಭಾವ: ತಮಾಷೆ ಬೇಡ ಪುಟ್ಟಿ.

ಕುಶಾಲನಗರ ಚಿಕ್ಕಮ್ಮ: ನಾನು 300 ಹಾಕಿದ್ದೇನೆ. ಹಾಗಾದರೆ ನಾನು ಸುಮ್ಮನಿರಬೇಕಾ?

ನಾನು: ಭಾವ, ನಮ್ಮ ಚರ್ಚಿನ ಹಾರ್ವೆಸ್ಟ್ ಹಬ್ಬದ ಏಲಂ ನೆನಪು ಮಾಡಿಕೊಳ್ಳಿ. ಯಾರೋ ಹಿತ್ತಲಿನ ಒಂದು ಪಪ್ಪಾಯಿ ತರುತ್ತಾರೆ. ನೀವೂ ಕುವೈತಿನವರೂ ಜಿದ್ದಿಗೆ ಬಿದ್ದು ಅದನ್ನು ಸಾವಿರಗಟ್ಟಲೆಗೆ ಕೂಗುತ್ತೀರಿ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪಪ್ಪಾಯಿ ತಂದವರ ಹೆಸರು ಯಾರೂ ಕೇಳುವುದಿಲ್ಲ. ಮಾರ್ಕ 12ರಲ್ಲಿ ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಎಲ್ಲರಿಗಿಂತ ಜಾಸ್ತಿ ಹಾಕಿದಳು ಅಂದರು. ಆ ಕಥೆಯನ್ನು ನಮ್ಮಲ್ಲಿ ಕಾಣಿಕೆ ಕೇಳಲಿಕ್ಕೆ ಮಾತ್ರ ಉಪಯೋಗಿಸುತ್ತಾರೆ. ಅದರ ಮೇಲಿನ ಸಾಲಿನಲ್ಲೇ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳಿಗೆ ಬೈಗುಳ ಉಂಟು. ಅದನ್ನು ಯಾರೂ ಓದುವುದಿಲ್ಲ.

ಉಡುಪಿ ಅತ್ತೆ: ಅದು ಮಾತ್ರ ಸರಿ ಹೇಳಿದೆ.

ದೊಡ್ಡಪ್ಪ: ಅಳಿಯಂದಿರೇ, ಗಲಾತ್ಯದ ವಚನವನ್ನು ನೀವು ಅರ್ಧದಿಂದ ಓದಿದಿರಿ. ‘ಎಲ್ಲರಿಗೂ ಒಳ್ಳೆಯದು ಮಾಡೋಣ’ ಅಂತ ಮೊದಲು ಉಂಟು, ‘ವಿಶೇಷವಾಗಿ’ ಆಮೇಲೆ. ಇನ್ನು ನಮ್ಮವರು ಯಾರು ಅಂತ ನಿರ್ಧರಿಸುವುದೂ ಸುಲಭ ಅಲ್ಲ. ನಮ್ಮ ಅಜ್ಜನ ಅಜ್ಜ ಬಿಲ್ಲವರು. ಶೇಂದಿ ಇಳಿಸುತ್ತಿದ್ದರು. ಕ್ರೈಸ್ತರಾದ ಮೇಲೆ ಆ ಕೆಲಸ ಬಿಡಬೇಕು ಅಂತ ಮಿಷನ್‌ನವರ ನಿಯಮ. ಜಾತಿಯವರು ಹೊರಗೆ ಹಾಕಿದರು, ಕೆಲಸವೂ ಹೋಯಿತು. ನಂಬಿದ್ದಕ್ಕೇ ಹೊಟ್ಟೆಗೆ ಇಲ್ಲದ ಹಾಗಾಯಿತು. 1834ರಲ್ಲಿ ಬಂದ ಮಿಷನ್‌ನವರು ಬರೀ ‘ಕರ್ತನು ನೋಡಿಕೊಳ್ಳುತ್ತಾನೆ’ ಅಂತ ಹೇಳಿ ಬಿಡಲಿಲ್ಲ. ಮರಗೆಲಸ, ಗಡಿಯಾರದ ಕೆಲಸ, ಎಲ್ಲ ಕಲಿಸಲು ನೋಡಿದರು. ಕೆಲವು ನಿಲ್ಲಲಿಲ್ಲ. ಕೊನೆಗೆ ಗಟ್ಟಿಯಾಗಿ ಉಳಿದದ್ದು ಮಗ್ಗ. 1865ರಲ್ಲಿ ಮಿಷನ್ನಿನ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮೊದಲು ಸಭೆಯವರಿಗೆ ಅಂತ ಶುರುವಾದದ್ದು. ಕೆಲಸ ಬೆಳೆದ ಹಾಗೆ ಬೇರೆಯವರೂ ಬಂದರು. ಒಂದೇ ಭಟ್ಟಿಯಲ್ಲಿ ಸುಟ್ಟ ಹೆಂಚು ಎಲ್ಲರ ಮನೆಯ ಮೇಲೂ ಹೋಯಿತು.

ದುಬೈ ಭಾವ: ಅದು ಸರಿ. ಆದರೆ ಕೇಳಿದವರಿಗೆಲ್ಲ ಕೊಡಲಿಕ್ಕೆ ಆಗುತ್ತದಾ? ಕೆಲಸ ಮಾಡದವನು ಊಟ ಮಾಡಬಾರದು ಅಂತಲೂ ಪೌಲನೇ ಬರೆದಿದ್ದಾನೆ.

ಪುಟ್ಟಿ: ಕೆಲಸ ಮಾಡಲು ‘ಮನಸ್ಸಿಲ್ಲದವನು’ ಅಂತ ಬರೆದಿದ್ದಾನೆ ಭಾವ. ಆ ಅಮ್ಮನ ಮನಸ್ಸು ಸರಿ ಉಂಟು, ಮೂಳೆ ಮುರಿದಿದೆ. ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಕೈಗೆ ಪ್ಲಾಸ್ಟರ್ ಹಾಕಿದ ಕೂಡಲೇ ಹೆಂಗಸರು ಕೇಳುವ ಮೊದಲ ಪ್ರಶ್ನೆ ನೋವಿನದ್ದಲ್ಲ. ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು ಅಂತ.

ದೊಡ್ಡಪ್ಪ: ಭಾವುಕತೆಯಿಂದ ಕೊಡಬೇಕು ಅಂತ ನಾನೂ ಹೇಳುವುದಿಲ್ಲ. 1 ತಿಮೊಥೆಯ 5 ತೆಗೆಯಿರಿ. ಯಾವ ವಿಧವೆಯನ್ನು ಪಟ್ಟಿಗೆ ಸೇರಿಸಬೇಕು ಅಂತ ಅಲ್ಲಿ ನಿಯಮವೇ ಉಂಟು. ಅರವತ್ತು ದಾಟಿರಬೇಕು. ನೋಡಿಕೊಳ್ಳುವ ಮಕ್ಕಳು ಮೊಮ್ಮಕ್ಕಳು ಇದ್ದರೆ ಮೊದಲು ಅವರು ನೋಡಿಕೊಳ್ಳಲಿ, ಸಭೆಯ ಮೇಲೆ ಭಾರ ಹಾಕಬಾರದು. ಅಂದರೆ ಆ ಕಾಲದಲ್ಲೂ ಹೋಗಿ ವಿಚಾರಿಸಿ ಬರುತ್ತಿದ್ದರು. ನಾನೂ ವಿಚಾರಿಸಿದ್ದೇನೆ. ಮಗ ಇದ್ದಾನೆ, ಮುಂಬೈಗೆ ಹೋದವನು ಫೋನ್ ತೆಗೆಯುವುದಿಲ್ಲ. ಇನ್ನು ಅಪೊಸ್ತಲರ ಕೃತ್ಯ 6. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ತಪ್ಪಿಹೋಗುತ್ತಿದ್ದರು. ಅಪೊಸ್ತಲರು ‘ಗೊಣಗಬೇಡಿ’ ಅನ್ನಲಿಲ್ಲ. ಏಳು ಜನರನ್ನು ಆ ಕೆಲಸಕ್ಕೇ ನೇಮಿಸಿದರು. ಆ ಏಳು ಹೆಸರೂ ಗ್ರೀಕ್ ಹೆಸರುಗಳು. ತಪ್ಪಿಹೋದವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗಾಯಿತು. ನನಗೆ ಬೈಬಲಿನಲ್ಲಿ ಬಹಳ ಇಷ್ಟವಾದ ಕಮಿಟಿ ಅದು.

(ದೊಡ್ಡಪ್ಪನಿಗೆ ಕಮಿಟಿ ಅಂದರೆ ಪ್ರಾಣ. ಆದರೂ ಈ ಇಡೀ ಜಗಳದಲ್ಲಿ ನನಗೆ ಅತಿ ಗಟ್ಟಿಯಾಗಿ ಕಂಡ ಮಾತು ಇದು. ಅಗತ್ಯವನ್ನು ಫೋಟೋ ನೋಡಿ ಅಳೆಯುವುದಕ್ಕೂ ಮನೆ ಬಾಗಿಲಿಗೆ ಹೋಗಿ ಅಳೆಯುವುದಕ್ಕೂ ವ್ಯತ್ಯಾಸ ಉಂಟು. ಆ ಅಮ್ಮನ ಫೋಟೋ ಯಾರೂ ಕಳಿಸಲಿಲ್ಲ. ಕಳಿಸಿದ್ದರೂ ಯಾರೂ ಫಾರ್ವರ್ಡ್ ಮಾಡುತ್ತಿರಲಿಲ್ಲ.)

ಉಡುಪಿ ಅತ್ತೆ: ನನ್ನ ಮೆಸೇಜ್ ಯಾರು ಡಿಲೀಟ್ ಮಾಡಿದ್ದು?

ದೊಡ್ಡಪ್ಪ: ನಾನು. ಅಡ್ಮಿನ್ ನಾನೇ ಅಲ್ವಾ. ಪುಟ್ಟಿ ಹೇಗೆ ಅಂತ ತೋರಿಸಿದಳು.

ಉಡುಪಿ ಅತ್ತೆ: ಕೇಳಿ ಮಾಡಬೇಕಿತ್ತು ಅಣ್ಣ. ಇರಲಿ. ಆ ಅಮ್ಮನಿಗೆ ಕೊಡಿ, ನನ್ನ ತಕರಾರಿಲ್ಲ. ಆದರೆ ಪೂರ್ತಿ ಬೇಡ. ಒಲಿಸಬಾಂಗ್ ಇಲ್ಲ ಅಂದಿರಿ, ಒಪ್ಪಿದೆ. ಮಣಿಪುರ ಮ್ಯಾಪಿನಲ್ಲಿ ಉಂಟಲ್ಲ? ಅಲ್ಲಿಯ ಗಲಭೆ 2023ರ ಮೇ 3ರಿಂದ ಶುರುವಾದದ್ದು. ಸುಟ್ಟ ಚರ್ಚುಗಳು ನಿಜ, ಕ್ಯಾಂಪುಗಳು ನಿಜ, 60,000ದಷ್ಟು ಜನ ಮನೆ ಬಿಟ್ಟದ್ದು ನಿಜ. ಅದಕ್ಕೂ ಹಳೆಯದು ಅಂತ ಹೇಳಿ ಬಾಯಿ ಮುಚ್ಚಿಸುತ್ತೀರಾ?

ನಾನು: ಇಲ್ಲ ಅತ್ತೆ. ಆದರೆ ಅಲ್ಲಿ ಕ್ಯಾಂಪಿನಲ್ಲಿ ಕುಕಿಗಳೂ ಇದ್ದಾರೆ, ಮೈತೇಯಿಗಳೂ ಇದ್ದಾರೆ. ಮೈತೇಯಿ ಕ್ರೈಸ್ತರ ಚರ್ಚುಗಳೂ ಸುಟ್ಟವು, ದೇವಸ್ಥಾನಗಳೂ ಸುಟ್ಟವು. ಒಂದೇ ಕಡೆಯವರಿಗೆ ಅಂತ ಕಳಿಸುತ್ತೀರಾ?

ಉಡುಪಿ ಅತ್ತೆ: ಹಸಿದವರಿಗೆ ಅಂತ ಕಳಿಸಿ. ಲೂಕ 10ರ ಸಮಾರ್ಯದವನು ಬಿದ್ದವನ ಊರು ಕೇಳಲಿಲ್ಲ, ಹೋಟೆಲಿನವನ ಕೈಗೆ ಎರಡು ದಿನಾರಿ ಕೊಟ್ಟ.

ಪುಟ್ಟಿ: ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂತಲೂ ಹೇಳಿದ. ಅಂದರೆ ಲೆಕ್ಕ ಇಟ್ಟಿದ್ದ!

ದೊಡ್ಡಪ್ಪ: ಅರ್ಧ ಇಲ್ಲಿ, ಅರ್ಧ ಅಲ್ಲಿ. ಮಣಿಪುರಕ್ಕೆ ಯಾವ ದಾರಿಯಿಂದ ಕಳಿಸುವುದು ಅಂತ ಸೋಮವಾರ ಡಯಾಸಿಸ್ ಆಫೀಸಿನಲ್ಲಿ ಕೇಳುತ್ತೇನೆ. ತಂಗಿ, ನೀನು ಆ ಮೆಸೇಜನ್ನು ಸ್ತ್ರೀಯರ ಕೂಟದ ಗುಂಪಿಗೂ ಹಾಕಿದ್ದೀಯಲ್ಲ. ಅಲ್ಲಿ ತಿದ್ದುಪಡಿ ಹಾಕು.

ಉಡುಪಿ ಅತ್ತೆ: ಅದು ನನಗೆ ಗೊತ್ತು.

ದುಬೈ ಭಾವ: ಮಾವ, ನನ್ನ ಪಾಲು ಮಾತ್ರ ಮಣಿಪುರಕ್ಕೆ ಹೋಗಲಿ. ಬೀಡಿಯವರಿಗೆ ನಿಮ್ಮೆಲ್ಲರದ್ದು ಕೊಡಿ.

ದೊಡ್ಡಪ್ಪ: ಹಾಗೆ ಕಾಲಮ್ ಹಾಕಲಿಕ್ಕೆ ನನ್ನಿಂದ ಆಗುವುದಿಲ್ಲ. ಒಂದೇ ಪುಸ್ತಕ, ಒಂದೇ ಮೊತ್ತ. ಬೇಡವಾದರೆ ನಿಮ್ಮದನ್ನು ವಾಪಸ್ ಹಾಕುತ್ತೇನೆ. ಅಕೌಂಟ್ ನಂಬರ್ ಕಳಿಸಿ.

ದುಬೈ ಭಾವ: ಬೇಡ ಬಿಡಿ ಮಾವ. ಆದರೆ ಎರಡಕ್ಕೂ ರಸೀದಿ ಬೇಕು.

ದೊಡ್ಡಪ್ಪ: ಮಣಿಪುರದ್ದು ಸಿಗುತ್ತದೆ. ಇಲ್ಲಿಯದ್ದಕ್ಕೆ ಆ ಅಮ್ಮ ಎಡಗೈ ಹೆಬ್ಬೆಟ್ಟು ಒತ್ತಬೇಕಾದೀತು. ನಡೆಯುತ್ತದಾ?