ಪದಚರ್ಚೆ: ಸೇವಾ ಸಂಸ್ಥೆಯ ಲೆಕ್ಕದಲ್ಲಿ ‘ಉತ್ತರದಾಯಿತ್ವ’, ‘ನಿರ್ಬಂಧಿತ ನಿಧಿ’ ಬೇಕಾ?

ಬಳಗದವರಿಗೆ ನಮಸ್ಕಾರ.

ನಮ್ಮ ಚರ್ಚಿನ ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ವರ್ಷದ ಲೆಕ್ಕವನ್ನು ಈ ಸಲ ಕನ್ನಡದಲ್ಲೇ ಬರೆದು ನೋಟಿಸ್ ಬೋರ್ಡಿಗೆ ಹಾಕೋಣ ಅಂತ ತೀರ್ಮಾನವಾಗಿದೆ. ಇಲ್ಲಿಯವರೆಗೆ ಆಡಿಟರ್ ಕೊಟ್ಟ ಇಂಗ್ಲಿಷ್ ಹಾಳೆಯನ್ನೇ ಅಂಟಿಸುತ್ತಿದ್ದೆವು. ದುಡ್ಡು ಕೊಟ್ಟವರಲ್ಲೇ ಎಷ್ಟೋ ಜನಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ, ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಸಭೆಯ ಪರಿಚಯ ಇಲ್ಲದವರಿಗೆ ಒಂದು ಮಾತು. ಪ್ಯಾರಿಸ್‌ನಲ್ಲಿ 1833ರಲ್ಲಿ ಫ್ರೆಡೆರಿಕ್ ಓಝನಾಂ ಮತ್ತು ಅವರ ಜೊತೆಯ ಕಾಲೇಜು ಹುಡುಗರು ಶುರು ಮಾಡಿದ್ದು. 1863ರಲ್ಲಿ ಭಾರತಕ್ಕೂ ಬಂತು. ಸದಸ್ಯರು ಬಡವರ ಮನೆಗೇ ಹೋಗಿ ನೋಡಿ, ಕೈಲಾದಷ್ಟು ನೆರವು ಕೊಡುತ್ತಾರೆ. ಸದಸ್ಯರು ಸೇರಿದಾಗಲೆಲ್ಲ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ದಾಟುತ್ತದೆ. ಮುಷ್ಟಿ ಬಿಗಿಹಿಡಿದೇ ಕೈ ಒಳಗೆ ಹಾಕಬೇಕು. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ತಿಳಿಯಬಾರದು. ಆದರೆ ಚೀಲ ಸುರಿದು ಎಣಿಸುವುದು ಮಾತ್ರ ಎಲ್ಲರ ಎದುರಿಗೆ. ಮೊತ್ತ ಆಗಲೇ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಏರುತ್ತದೆ.

ಮೊದಲ ತೊಡಕು ‘ಅಕೌಂಟಬಿಲಿಟಿ’. ಸರ್ಕಾರಿ ಕನ್ನಡದಲ್ಲಿ ‘ಉತ್ತರದಾಯಿತ್ವ’ ಇದೆ. ಬೋರ್ಡಿನ ಮುಂದೆ ನಿಂತು ಅದನ್ನು ಓದುವವರು ಯಾರು ಹೇಳಿ? ‘ಹೊಣೆಗಾರಿಕೆ’ ಒಳ್ಳೆಯ ಪದವೇ, ಆದರೆ ‘ರೆಸ್ಪಾನ್ಸಿಬಿಲಿಟಿ’ಗೂ ಅದನ್ನೇ ಬಳಸುತ್ತೇವೆ. ಬಡವರಿಗೆ ಅಕ್ಕಿ ಮುಟ್ಟಿಸುವುದು ಹೊಣೆ. ಆ ಅಕ್ಕಿಯ ದುಡ್ಡು ಎಲ್ಲಿಂದ ಬಂತು, ಎಷ್ಟು ಖರ್ಚಾಯಿತು ಅಂತ ಹೇಳುವುದು ಬೇರೆಯೇ ಕೆಲಸ.

ನನ್ನ ಒಲವು ‘ಲೆಕ್ಕ ಒಪ್ಪಿಸುವುದು’ ಎಂಬುದರ ಕಡೆಗೆ. ‘ಒಪ್ಪಿಸು’ ಅಂದ ಕೂಡಲೇ ‘ಯಾರಿಗೆ?’ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಮಗು ಮೇಷ್ಟರಿಗೆ ಪಾಠ ಒಪ್ಪಿಸುತ್ತದೆ, ತಪ್ಪಿದರೆ ಮೇಷ್ಟರು ಅಲ್ಲೇ ತಡೆಯುತ್ತಾರೆ. ಕೇಳಿಸಿಕೊಳ್ಳುವವರಿಗೆ ಪ್ರಶ್ನಿಸುವ ಹಕ್ಕಿದೆ ಅನ್ನುವುದು ಆ ಕ್ರಿಯಾಪದದ ಒಳಗೇ ಇದೆ. ‘ಉತ್ತರದಾಯಿತ್ವ’ದಲ್ಲಿ ಆ ಎದುರಿನ ಮನುಷ್ಯ ಕಾಣುವುದಿಲ್ಲ. ಕನ್ನಡ ಬೈಬಲ್ ಓದಿ ಬೆಳೆದವರಿಗೆ ಈ ಮಾತು ಹೊಸದೂ ಅಲ್ಲ. ಲೂಕನ 16ನೇ ಅಧ್ಯಾಯದಲ್ಲಿ ಧಣಿ ತನ್ನ ಆಸ್ತಿ ನೋಡಿಕೊಳ್ಳುವ ಮನೆವಾರ್ತೆಯವನನ್ನು ಕರೆದು ಲೆಕ್ಕ ಒಪ್ಪಿಸು ಅನ್ನುತ್ತಾನೆ.

ಬೈಬಲಿನ ಪೌಲನ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಜೆರೂಸಲೇಮಿನ ಬಡವರಿಗಾಗಿ ಊರೂರುಗಳಲ್ಲಿ ಹಣ ಕೂಡಿಸುತ್ತಿದ್ದ ಕಾಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಅವನು ತನ್ನನ್ನು ಸುಮ್ನೆ ನಂಬಿ ಅನ್ನುವುದಿಲ್ಲ. ತನ್ನ ಜೊತೆ ಕೆಲಸ ಮಾಡುವ ತೀತನನ್ನು ಕಳಿಸುತ್ತಾನೆ. ಜೊತೆಗೆ ಕ್ರೈಸ್ತ ಸಭೆಗಳೇ ಆರಿಸಿಕೊಟ್ಟ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತೆ ಆಗಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಅವನ ಕಾರಣ. ‘ದೇವರಿಗೆ ಗೊತ್ತು, ಸಾಕು’ ಅನ್ನುವವರಿಗೆ ಇದಕ್ಕಿಂತ ಹಳೆಯ ಉತ್ತರ ಬೇಕಾಗಿಲ್ಲ.

ತೊಂದರೆ ಏನೆಂದರೆ, ತಲೆಬರಹಕ್ಕೆ ನಾಮಪದ ಬೇಕು. ‘ಲೆಕ್ಕ ಒಪ್ಪಿಸುವಿಕೆ’ ನಾಲಿಗೆಗೆ ಒಗ್ಗುವುದಿಲ್ಲ. ‘ಲೆಕ್ಕದ ಹೊಣೆ’ ನಡೆದೀತಾ?

ಎರಡನೆಯದು ‘ರಿಸ್ಟ್ರಿಕ್ಟೆಡ್ ಫಂಡ್’. ಅಂದರೆ ಇಂಥದ್ದಕ್ಕೇ ಬಳಸಬೇಕು ಅಂತ ಹೇಳಿ ಕೊಟ್ಟ ಹಣ. ‘ನಿರ್ಬಂಧಿತ ನಿಧಿ’ ಅಂದರೆ ಪೊಲೀಸರು ಖಾತೆ ತಡೆಹಿಡಿದ ಹಾಗೆ ಕೇಳುತ್ತದೆ. ‘ಮೀಸಲು ನಿಧಿ’ ಅನ್ನೋಣವೆಂದರೆ ಅದು ‘ರಿಸರ್ವ್ ಫಂಡ್’ಗೆ ಬಳಕೆಯಲ್ಲಿದೆ. ನನಗೆ ಹೊಳೆದದ್ದು ‘ಮುಡಿಪು’. ಹರಕೆ ಹೊತ್ತವರು ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಎತ್ತಿಡುತ್ತಾರಲ್ಲ, ಅದು. ಮನೆಯಲ್ಲಿ ಎಷ್ಟೇ ಕಷ್ಟ ಬರಲಿ, ಆ ಗಂಟು ಬಿಚ್ಚುವುದಿಲ್ಲ. ನಮಗೆ ಬೇಕಾದ ಅರ್ಥವೂ ಇದೇ. ಒಬ್ಬ ತಾಯಿ ಮಕ್ಕಳ ಶಾಲೆ ಫೀಸಿಗೆ ಅಂತ ಕೊಟ್ಟ ದುಡ್ಡನ್ನು, ಔಷಧಿಗೆ ಕಡಿಮೆ ಬಿತ್ತು ಅಂತ ಅವರನ್ನು ಕೇಳದೆ ತೆಗೆಯುವಂತಿಲ್ಲ. ‘ಇದು ದೇವಸ್ಥಾನದ ಮಾತಲ್ವಾ?’ ಅಂತ ನಮ್ಮಲ್ಲೊಬ್ಬರು ಕೇಳಿದರು. ‘ಕಾಣಿಕೆ’, ‘ಹರಕೆ’ ಎರಡನ್ನೂ ಚರ್ಚಿನಲ್ಲಿ ದಿನಾ ಬಳಸುವ ನಾವು ‘ಮುಡಿಪಿ’ಗೆ ಯಾಕೆ ಹಿಂಜರಿಯಬೇಕು? ನಿಮಗೇನನ್ನಿಸುತ್ತದೆ?

‘ಕಾರ್ಪಸ್’ಗೆ ಪತ್ರಿಕೆಗಳು ‘ಇಡುಗಂಟು’ ಬಳಸುತ್ತವೆ. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ಹಣ. ಇದು ‘ಇಡಿಗಂಟು’ ಜೊತೆ ಕಲಸಿಹೋಗುತ್ತಿದೆ. ‘ಇಡಿಗಂಟು’ ಅಂದರೆ ಒಂದೇ ಸಲಕ್ಕೆ ಕೈಗೆ ಬರುವ ಮೊತ್ತ. ‘ದತ್ತಿನಿಧಿ’ ಅಂದರೆ ಗೊಂದಲ ತಪ್ಪುತ್ತದೆ ಅಂತ ನನ್ನ ಅಂದಾಜು. ನಮ್ಮ ಸಭೆಯಲ್ಲಿ ಇದರ ಕೆಲಸ ಕಡಿಮೆ. ಹಣ ಕೂಡಿಡಬಾರದು, ಬಡವರಿಗೆ ಮುಟ್ಟಿಸಬೇಕು ಅನ್ನುವುದು ಸಭೆಯ ನಿಯಮದಲ್ಲೇ ಇದೆ. ಅದಕ್ಕೇ ವರ್ಷದ ಕೊನೆಗೆ ಮಿಕ್ಕಿದ್ದನ್ನು ‘ಉಳಿತಾಯ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಉಳಿಸಿದ್ದು ಹೆಮ್ಮೆಯ ವಿಷಯ ಅನ್ನುವ ಹಾಗೆ ಕೇಳುತ್ತದೆ. ಬಜೆಟ್ ಸುದ್ದಿಯಲ್ಲಿ ಬರುವ ‘ಮಿಗತೆ’ ಸಾಕು.

‘ಆಡಳಿತ ವೆಚ್ಚ’ದ ಬಗ್ಗೆ ಎಚ್ಚರ ಜಾಸ್ತಿ ಬೇಕು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದ ಮೇಲೆ, ಹೊರದೇಶದಿಂದ ಬಂದ ಹಣದಲ್ಲಿ ಇದರ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಆಸ್ಪತ್ರೆ ನಡೆಸುವ ಸಂಸ್ಥೆಯ ವೈದ್ಯರ ಸಂಬಳ ಈ ಲೆಕ್ಕಕ್ಕೆ ಸೇರುವುದಿಲ್ಲ, ಕಚೇರಿ ಬಾಡಿಗೆ ಸೇರುತ್ತದೆ. ಕಾನೂನಿನ ಪದ ಅದೇ ಆದ್ದರಿಂದ ಅಂಥ ಸಂಸ್ಥೆಗಳು ಬದಲಾಯಿಸುವ ಹಾಗಿಲ್ಲ. ನಮ್ಮಂಥ ಚಿಕ್ಕ ಘಟಕ ‘ಕಚೇರಿ ಖರ್ಚು’ ಅಂತ ಬರೆದು, ಕೆಳಗೆ ಆಡಿಟ್ ಫೀಸು, ಪುಸ್ತಕ, ಬಸ್ ಚಾರ್ಜು ಅಂತ ಬಿಡಿಸಿ ಹೇಳಿದರೆ ಓದುವವರಿಗೆ ಹೆಚ್ಚು ತಿಳಿಯುತ್ತದೆ.

ಕೊನೆಯದು ‘ಬೆನಿಫಿಶಿಯರಿ’. ‘ಫಲಾನುಭವಿ’ ಸರ್ಕಾರದ ಯೋಜನೆಗೆ ಸರಿ. ನಾವು ಮನೆಗೆ ಹೋಗಿ ಚಾಪೆ ಮೇಲೆ ಕೂತು ಮಾತಾಡಿಸುವ ಅಜ್ಜಿಯನ್ನು ಹಾಗೆ ಕರೆಯಲು ಬಾಯಿ ಬರುವುದಿಲ್ಲ. ಲೆಕ್ಕ ಎಷ್ಟೇ ತೆರೆದಿಟ್ಟರೂ ಅವರ ಹೆಸರು ಬೋರ್ಡಿಗೆ ಬರಬಾರದು, ಅದನ್ನಂತೂ ನಾವು ಬಿಟ್ಟುಕೊಡುವುದಿಲ್ಲ. ಹಾಗಾಗಿ ‘ನೆರವು ಪಡೆದ ಕುಟುಂಬಗಳು’ ಅಂತ ಸಂಖ್ಯೆ ಮಾತ್ರ ಹಾಕುವ ಯೋಚನೆ. ಇದಕ್ಕಿಂತ ಚಿಕ್ಕ, ಗೌರವದ ಪದ ನಿಮ್ಮ ಊರಿನ ಬಳಕೆಯಲ್ಲಿದ್ದರೆ ತಿಳಿಸಿ.

ಬೀದರ್, ಕಲಬುರಗಿ ಕಡೆಯ ಮೆಥೋಡಿಸ್ಟ್ ಸಭೆಗಳಲ್ಲಿ, ಧಾರವಾಡ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಚರ್ಚುಗಳಲ್ಲಿ ಲೆಕ್ಕ ಓದುವಾಗ ಯಾವ ಪದ ಬಳಸುತ್ತಾರೆ? ಹಳೆಯ ಜಮಾ-ಖರ್ಚಿನ ಪುಸ್ತಕ ಯಾರ ಬಳಿಯಾದರೂ ಇದ್ದರೆ, ಹೆಸರುಗಳನ್ನು ಬಿಟ್ಟು ಶೀರ್ಷಿಕೆಗಳನ್ನಷ್ಟೇ ಬರೆದು ಕಳಿಸಿದರೂ ಸಾಕು.