ನಾಲ್ಕು ವರ್ಷದ ಮಗುವನ್ನು ಫಾಯಾಸ್‌ಗೆ ಕರೆತರಬಹುದೇ?

ಮ್ಯಾಡ್ರಿಡ್‌ನಿಂದ ಕೇಳಿದ ಸೋದರಿಗೆ ನನ್ನ ಉತ್ತರ: ಧಾರಾಳವಾಗಿ ಕರೆತನ್ನಿ, ಮಗುವಿನ ಕಿವಿ ಮಾತ್ರ ಜೋಪಾನ.

ಫಾಯಾಸ್ ಎಂದರೆ ಸ್ಪೇನಿನ ವೆಲೆನ್ಸಿಯಾ ನಗರದ ಪಟಾಕಿ, ಬೊಂಬೆಗಳ ಹಬ್ಬ. ಇಲ್ಲಿ ಮಾರ್ಚ್ 1ರಿಂದ 19ರವರೆಗೆ ದಿನವೂ ಮಧ್ಯಾಹ್ನ 2 ಗಂಟೆಗೆ ನಗರಸಭೆಯ ಚೌಕದಲ್ಲಿ ‘ಮಾಸ್ಕ್ಲೆತಾ’ ನಡೆಯುತ್ತದೆ. ಅದು ನೋಡುವ ಪಟಾಕಿಯಲ್ಲ, ಕೇಳುವ ಪಟಾಕಿ. ಹಗಲಿನಲ್ಲಿ ಹೊಗೆಯಲ್ಲದೆ ಮತ್ತೇನು ಕಂಡೀತು? ಸದ್ದು ತಾಳ ಹಿಡಿದು ಏರುತ್ತಾ ಹೋಗಿ ಕೊನೆಗೆ ಕಾಲಡಿಯ ನೆಲವೇ ನಡುಗುತ್ತದೆ. ಮೊದಲ ವರ್ಷ ನಾನು ಮಗಳನ್ನು ಹೆಗಲೇರಿಸಿಕೊಂಡು ಮುಂದಿನ ಸಾಲಿಗೇ ನುಗ್ಗಿದ್ದೆ. ಅವಳ ಅಳು ಸಂಜೆಯವರೆಗೂ ನಿಲ್ಲಲಿಲ್ಲ. ಈಗ ಎರಡು ಬೀದಿ ಹಿಂದೆಯೇ ನಿಲ್ಲುತ್ತೇವೆ.

ಅದಕ್ಕಿಂತ ಬೀದಿ ಸುತ್ತುವುದು ಮೇಲು. ಕೇರಿ ಕೇರಿಯಲ್ಲೂ ಆಳೆತ್ತರ ಮೀರಿದ ಬೊಂಬೆಗಳ ಗೋಪುರವೊಂದು ನಿಂತಿರುತ್ತದೆ, ರಾಜಕಾರಣಿಗಳ ಲೇವಡಿಯೇ ಹೆಚ್ಚು. ಕೆಲವನ್ನು ಮಕ್ಕಳಿಗೆ ವಿವರಿಸುವಾಗ ನೀವು ತಡವರಿಸುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಪಕ್ಕದಲ್ಲೇ ಮಕ್ಕಳಿಗೆಂದು ಮಾಡಿದ ಚಿಕ್ಕ ಗೋಪುರವಿರುತ್ತದೆ, ಅಲ್ಲಿಗೆ ಹೋಗಿ. ದಾರಿಯಲ್ಲಿ ಸಿಹಿಕುಂಬಳದ ‘ಬುನ್ಯುವೆಲೊ’ ಎಂಬ ಕರಿದ ತಿಂಡಿ ಸಿಗುತ್ತದೆ, ಗಟ್ಟಿ ಚಾಕೊಲೇಟ್‌ನಲ್ಲಿ ಅದ್ದಿ ತಿನ್ನುತ್ತಾರೆ. ಮಲೆನಾಡಿನವನಾದ ನನಗೆ ಹಲಸಿನ ಮುಳ್ಕ ನೆನಪಾಗಿ ಎಣಿಕೆಯೇ ತಪ್ಪುತ್ತದೆ. 17 ಮತ್ತು 18ರಂದು ರೇಷ್ಮೆ ಉಡುಪಿನ ಹೆಂಗಸರು, ಮಕ್ಕಳು ಮೆರವಣಿಗೆಯಲ್ಲಿ ತಂದ ಹೂಗುಚ್ಛಗಳಿಂದಲೇ ಮೇರಿ ಮಾತೆಯ ದೊಡ್ಡ ಪ್ರತಿಮೆಗೆ ನಿಲುವಂಗಿ ಹೆಣೆಯುತ್ತಾರೆ. ಅದನ್ನು ತಪ್ಪಿಸಬೇಡಿ.

ಕಷ್ಟವಿರುವುದು 19ರ ರಾತ್ರಿ. ಆ ಬೊಂಬೆಗಳನ್ನೆಲ್ಲ ಸುಡುತ್ತಾರೆ, ಮಕ್ಕಳವು ಮೊದಲು, ದೊಡ್ಡವು ಆಮೇಲೆ. ತಾನು ಮೆಚ್ಚಿದ ಆಮೆಗೆ ಬೆಂಕಿ ಹತ್ತಿದ್ದನ್ನು ಕಂಡು ಮಗಳು ನಡುಗಿಹೋದಳು. ಹುಬ್ಬಳ್ಳಿಯವಳಾದ ನನ್ನ ಹೆಂಡತಿ, “ನಮ್ಮೂರಲ್ಲೂ ಹೋಳಿ ಹಬ್ಬಕ್ಕೆ ಕಾಮಣ್ಣನನ್ನು ಸುಡುತ್ತೇವೆ ಪುಟ್ಟಿ” ಎಂದು ಸಮಾಧಾನ ಹೇಳಿದರೆ, “ಕಾಮಣ್ಣ ಇಷ್ಟು ಮುದ್ದಾಗಿದ್ದನಾ?” ಎಂದು ಕೇಳಿದಳು. ಇಬ್ಬರಿಗೂ ಬಾಯಿ ಕಟ್ಟಿತು. ಆದ್ದರಿಂದ ಸುಡುವ ವಿಷಯವನ್ನು ಮೊದಲೇ ತಿಳಿಸಿಬಿಡಿ. ಜನರ ಮತದಿಂದ ಬೊಂಬೆಯೊಂದನ್ನು ಬೆಂಕಿಯಿಂದ ಉಳಿಸುವ ಪದ್ಧತಿ 1934ರಿಂದ ಇದೆ, ಹಾಗೆ ಉಳಿದವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಮರುದಿನ ಅಲ್ಲಿಗೆ ಕರೆದೊಯ್ದಾಗಲೇ ನಮ್ಮವಳು ನಕ್ಕಿದ್ದು.

ಸದ್ದು ತಡೆಯುವ ಅವಳ ಹಳೆಯ ಹೆಡ್‌ಫೋನ್ ನಮ್ಮಲ್ಲೇ ಇದೆ. ಹೊರಡುವ ಮುಂಚೆ ಒಂದು ಮಾತು ತಿಳಿಸಿ, ರೈಲು ನಿಲ್ದಾಣಕ್ಕೇ ತಂದುಕೊಡುತ್ತೇನೆ.