ಕೋವಿ ಎಲ್ಲಿದೆ ನೋಡ್ತಾ ಹೋಗು

ಪುಟ್ಟಾ, ಟೈಪ್ ಮಾಡೋಕೆ ಬೇಜಾರು, ಅದಕ್ಕೆ ವಾಯ್ಸ್ ಕಳಿಸ್ತಿದ್ದೇನೆ. ನಾನು ಹೇಳಿದೆ ಅಂತ ‘ಲಾಕ್, ಸ್ಟಾಕ್ ಆಂಡ್ ಟೂ ಸ್ಮೋಕಿಂಗ್ ಬ್ಯಾರಲ್ಸ್’ ಅನ್ನೋ ಇಂಗ್ಲಿಷ್ ಪಿಕ್ಚರ್ ಹಾಕಿದೆ, ಅರ್ಧ ಗಂಟೆಗೇ ತಲೆ ಕೆಟ್ಟು ನಿಲ್ಲಿಸಿದೆ, ಯಾರು ಯಾರ ಕಡೆ ಅಂತಲೇ ಗೊತ್ತಾಗಲಿಲ್ಲ ಅಂದೆಯಲ್ಲ. ಹಾಸ್ಟೆಲ್‌ನಲ್ಲಿ ಮೊದಲ ಸಲ ನೋಡಿದಾಗ ನನಗೂ ಅಷ್ಟೇ. ಪಕ್ಕದವರು ನಕ್ಕರು ಅಂತ ನಾನೂ ನಕ್ಕಿದ್ದೆ. ಹೋದ ವಾರ ಮತ್ತೆ ನೋಡಿದೆ, ಆಗ ಒಂದು ಉಪಾಯ ಹೊಳೆಯಿತು. ಮುಖಗಳ ಹಿಂದೆ ಹೋಗಬೇಡ. ಆ ಎರಡು ಹಳೇ ಕೋವಿ ಈಗ ಯಾರ ಕೈಲಿವೆ ಅಂತ ಮಾತ್ರ ನೋಡ್ತಾ ಹೋಗು.

ಶುರುವಾಗುವುದು ಇಸ್ಪೀಟಿನಿಂದ. ಲಂಡನ್ನಿನ ನಾಲ್ಕು ಹುಡುಗರು ತಲೆಗೆ 25,000 ಪೌಂಡ್ ಹಾಕಿ ತಮ್ಮಲ್ಲೇ ಒಬ್ಬನಾದ ಎಡ್ಡಿಯನ್ನು ಆಟಕ್ಕೆ ಕೂರಿಸುತ್ತಾರೆ. ಆಟ ನಮ್ಮ ತೀನ್ ಪತ್ತಿಯ ಹತ್ತಿರದ ನೆಂಟ, ಹಾಗಾಗಿ ಆ ಸೀನಿಗೆ ನಮಗೆ ಸಬ್‌ಟೈಟಲ್ಲೇ ಬೇಡ. ಆದರೆ ಎದುರಿಗಿರುವ ಹ್ಯಾರಿ ಮೋಸಗಾರ. ಎಡ್ಡಿ ಏಳುವ ಹೊತ್ತಿಗೆ ಐದು ಲಕ್ಷ ಪೌಂಡ್ ಸಾಲ, ತೀರಿಸಲು ಒಂದೇ ವಾರ.

ಅತ್ತ ಅದೇ ಹ್ಯಾರಿಗೆ ಬೇಕಾದ ಕೋವಿಗಳನ್ನು ಇಬ್ಬರು ಪೆದ್ದ ಕಳ್ಳರು ಕದ್ದು, ಬೆಲೆ ಗೊತ್ತಿಲ್ಲದೆ ಸುಮ್ನೆ ಮಾರಿಬಿಡುತ್ತಾರೆ. ಅವು ಬಂದು ಸೇರುವುದು ಈ ಹುಡುಗರ ಕೈಗೇ! ಪಕ್ಕದ ಮನೆಯ ಗ್ಯಾಂಗ್ ಗಾಂಜಾ ಬೆಳೆಯುವವರನ್ನು ದೋಚುತ್ತದೆ. ಗೋಡೆಗೆ ಕಿವಿ ಕೊಟ್ಟಿದ್ದ ಹುಡುಗರು ಆ ಗ್ಯಾಂಗನ್ನು ದೋಚುತ್ತಾರೆ. ಆಮೇಲೆ ಆ ಗಾಂಜಾವನ್ನು ಮಾರಲು ಹೊರಡುವುದು ಯಾರಿಗೆ? ಅದರ ಅಸಲಿ ಯಜಮಾನನಿಗೇ. ನಾನು ಇಲ್ಲಿ ಪಾಜ್ ಒತ್ತಿ ನಕ್ಕೆ, ನಿಮ್ಮ ಚಿಕ್ಕಮ್ಮ ಅಡುಗೆಮನೆಯಿಂದ ಬಂದು ನೋಡಿ ಹೋದಳು. ಪೂರ್ತಿ ಕಥೆ ಅಲ್ಲಿ ಒಬ್ಬರಿಗೂ ಗೊತ್ತಿಲ್ಲ, ನೋಡುತ್ತಾ ಕೂತ ನಮಗೆ ಮಾತ್ರ ಗೊತ್ತು. ನಗು ಹುಟ್ಟುವುದೇ ಅಲ್ಲಿ.

1998ರ ಪಿಕ್ಚರ್ ಇದು, ನಿರ್ದೇಶಕ ಗೈ ರಿಚಿಯ ಮೊದಲನೆಯದು. ನಿನ್ನ ಫೇವರಿಟ್ ಜೇಸನ್ ಸ್ಟೇಥಮ್‌ಗೂ ಮೊದಲನೆಯದೇ. ಅವನು ನಟನಾಗುವ ಮೊದಲು ನಿಜಕ್ಕೂ ಬೀದಿಯಲ್ಲಿ ಮಾಲು ಮಾರುತ್ತಿದ್ದವನು. ಶುರುವಿನಲ್ಲೇ ಫುಟ್‌ಪಾತ್ ವ್ಯಾಪಾರ ಮಾಡುತ್ತಾನಲ್ಲ, ಆ ಬಾಯಿ ಸುಮ್ನೆ ಬಂದದ್ದಲ್ಲ. ಹ್ಯಾರಿಯ ಬಂಟ ಬ್ಯಾರಿ ಆಗಿರುವ ದೈತ್ಯ ಲೆನ್ನಿ ಮೆಕ್ಲೀನ್ ಕೂಡ ಅಸಲಿ ಬರಿಗೈ ಜಟ್ಟಿ. ಪಾಪ, ಪಿಕ್ಚರ್ ಬಿಡುಗಡೆಗೆ ಕೆಲವೇ ವಾರ ಮೊದಲು ತೀರಿಕೊಂಡ.

ಈ ಸಲ ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅಪ್ಪಂದಿರು. ಹಾಸ್ಟೆಲ್ ಕಾಲದಲ್ಲಿ ಅವರು ಕಣ್ಣಿಗೇ ಬಿದ್ದಿರಲಿಲ್ಲ. ಹ್ಯಾರಿಯ ಕಣ್ಣಿರುವುದು ಎಡ್ಡಿಯ ಅಪ್ಪನ ಬಾರಿನ ಮೇಲೆ. ಆ ಅಪ್ಪ ಗಾಯಕ ಸ್ಟಿಂಗ್. ಮಾತು ಕಡಿಮೆ, ಬರೀ ಮುಖ ಸಾಕು. ಇನ್ನೊಬ್ಬ ಅಪ್ಪ ಸಾಲ ವಸೂಲಿಯ ಕ್ರಿಸ್, ಆ ಪಾತ್ರದಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ವಿನ್ನಿ ಜೋನ್ಸ್. ಮಗನನ್ನು ಕರೆದುಕೊಂಡೇ ಜನರನ್ನು ಚಚ್ಚಲು ಹೋಗುತ್ತಾನೆ. ಆದರೆ ಹುಡುಗ ಕೆಟ್ಟ ಮಾತಾಡಿದರೆ ಗದರುತ್ತಾನೆ, ಸೀಟ್ ಬೆಲ್ಟ್ ಹಾಕಿಸುತ್ತಾನೆ. ನಾವೂ ಹಾಗೇ ಅಲ್ವಾ, ಫೋನ್ ಹಿಡಿದುಕೊಂಡೇ ಮಕ್ಕಳಿಗೆ ಫೋನ್ ಇಡು ಅನ್ನುವವರು.

ಹೆಂಗಸರ ಪಾತ್ರ ಇಲ್ಲವೇ ಇಲ್ಲ ಅನ್ನಬೇಕು, ಅದೊಂದು ಬೇಜಾರು. ಅತ್ತಿಗೆ, ನೀವೂ ಕೇಳ್ತಿದ್ದರೆ ಒಂದು ಮಾತು, ಬೈಗುಳ ಬಹಳ ಜಾಸ್ತಿ, ಚಿಕ್ಕವರ ಮುಂದೆ ಹಾಕಬೇಡಿ.

ಕೊನೆ ಹೇಳಬೇಡಿ ಅನ್ನುತ್ತೀಯ, ಗೊತ್ತು. ‘ಫಿರ್ ಹೇರಾ ಫೇರಿ’ ಹತ್ತು ಸಲ ನೋಡಿದ್ದೀಯಲ್ಲ? ಬಾಯಲ್ಲಿ ಫೋನ್ ಕಚ್ಚಿಕೊಂಡು ಸೇತುವೆಯ ಮೇಲೆ ಒದ್ದಾಡುವ ರಾಜುವನ್ನು ನೆನಪು ಮಾಡಿಕೋ. ಎಂಟು ವರ್ಷ ಮೊದಲೇ ಥೇಮ್ಸ್ ಮೇಲೆ ಒಬ್ಬ ಹಾಗೇ ಒದ್ದಾಡಿದ್ದ.